ಓವನ್ ಕೆಟ್ಟಿತು, ರಿಪೇರಿಯೋ ಹೊಸದೋ?

ನಮ್ಮ ಅಡಿಗೆಮನೆಯಲ್ಲಿ 2024ರ ಅಕ್ಟೋಬರಿನವರೆಗೆ ಒಂದು ಜೊತೆ ರಬ್ಬರ್ ಚಪ್ಪಲಿ ಇತ್ತು. ಧಾರವಾಡದಲ್ಲಿ ಬೆಳೆದ ನನಗೆ ಅಡಿಗೆಮನೆಯೊಳಗೆ ಚಪ್ಪಲಿ ಎಂದರೆ ಈಗಲೂ ಮೈ ಮುದುಡುತ್ತದೆ. ನಮ್ಮ ಅತ್ತೆಯವರು ಇದ್ದಿದ್ದರೆ ಚಪ್ಪಲಿಯ ಜೊತೆಗೆ ನನ್ನನ್ನೂ ಹೊರಗೆ ಇಡುತ್ತಿದ್ದರೋ ಏನೋ! ಆದರೂ ಅದು ಅಲ್ಲಿತ್ತು, ಮನೆಯಲ್ಲಿ ಅದಕ್ಕೆ ‘ಓವನ್ ಚಪ್ಪಲಿ’ ಎಂದೇ ಹೆಸರು. ಓವನ್ ಹಚ್ಚಿದಾಗ ಅದರ ಮೈ ಮುಟ್ಟಿದರೆ ಬೆರಳ ತುದಿ ಜುಮ್ಮೆನ್ನುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಮುಟ್ಟಿದರೆ ಜುಮ್ಮೆನ್ನುತ್ತಿರಲಿಲ್ಲ. ಅಲ್ಲಿಗೆ ಸಮಸ್ಯೆ ಬಗೆಹರಿಯಿತೆಂದು ತಿಳಿದು ನಾವು ಗಂಡ ಹೆಂಡತಿ ಎರಡು ಮಳೆಗಾಲ ಕಳೆದೆವು.

ಈ ಓವನ್ ನಮ್ಮ ಮನೆಗೆ ಬಂದದ್ದು 2004ರಲ್ಲಿ, ಮಗಳ ಏಳನೆಯ ಹುಟ್ಟುಹಬ್ಬಕ್ಕೆ. ಯಜಮಾನರ ದೀಪಾವಳಿ ಬೋನಸ್ಸಿನಲ್ಲಿ ಕೊಂಡದ್ದು. ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವ, ಎಲ್ಲರೂ ಓ.ಟಿ.ಜಿ. ಎನ್ನುವ ಪೆಟ್ಟಿಗೆ. ಅದಕ್ಕೂ ಮೊದಲು, ನಾನು ಮದುವೆಯಾಗಿ ಡೊಂಬಿವಲಿಗೆ ಬಂದ 1993ರ ಸುಮಾರಿಗೆ, ನಮ್ಮ ಕಟ್ಟಡದ ಹೆಂಗಸರು ದೀಪಾವಳಿಗೆ ನಾನಕಟಾಯಿಯ ಹಿಟ್ಟು ಕಲಸಿ, ಉಂಡೆ ಮಾಡಿ, ತಗಡಿನ ತಟ್ಟೆಗಳಲ್ಲಿ ಜೋಡಿಸಿಕೊಂಡು ಬೇಕರಿಗೆ ಒಯ್ಯುತ್ತಿದ್ದರು. ಬೇಕರಿಯವನು ಪಾವ್ ತೆಗೆದ ಮೇಲೆ ಉಳಿದ ಭಟ್ಟಿಯ ಕಾವಿನಲ್ಲಿ ಅವನ್ನು ಬೇಯಿಸಿಕೊಡುತ್ತಿದ್ದ. ಯಾರ ತಟ್ಟೆ ಯಾರ ಮನೆಗೆ ಹೋಯಿತು ಎಂಬ ಜಗಳ ತುಳಸಿಮದುವೆಯವರೆಗೂ ನಡೆಯುತ್ತಿತ್ತು. ಸ್ವಂತ ಓವನ್ ಬಂದ ದಿನ ನಾನು ಈ ಸರತಿಯಿಂದ ಪಾರಾದೆ. ಇಪ್ಪತ್ತು ವರ್ಷಗಳಲ್ಲಿ ಅದು ಎಷ್ಟು ಕೇಕು, ಎಷ್ಟು ಖಾರಾ ಬಿಸ್ಕತ್ತು ಕೊಟ್ಟಿತೋ ಲೆಕ್ಕವಿಟ್ಟಿಲ್ಲ.

2024ರ ಅಕ್ಟೋಬರಿನಲ್ಲಿ, ದಸರೆ ಕಳೆದ ವಾರ, ನಮ್ಮ ಸಂಘದ ರಾಜ್ಯೋತ್ಸವದ ತಿಂಡಿ ಮೇಜಿಗೆ ಮೂರು ಕಿಲೋ ಖಾರಾ ಬಿಸ್ಕತ್ತು ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಮಳೆಗಾಲವಿಡೀ ಮುಚ್ಚಿಟ್ಟಿದ್ದ ಓವನ್ನನ್ನು ತೆಗೆದು ಒಂದು ತಟ್ಟೆ ಮಾಡಿ ನೋಡಿದೆ. ಬಿಸ್ಕತ್ತಿನ ತಳ ಕಪ್ಪಾಯಿತು, ಮೇಲ್ಭಾಗ ಹಸಿ ಹಸಿ. ಎರಡನೆಯ ತಟ್ಟೆಗೆಂದು ಮತ್ತೆ ಕಾಯಲು ಇಟ್ಟು, ಫೋನ್ ಬಂತೆಂದು ಹೊರಗಿನ ಕೋಣೆಗೆ ಹೋದೆ. ಆಗಷ್ಟೇ ನೆಲ ಒರೆಸಿದ್ದ ಕೆಲಸದ ಬಾಯಿ, ಒದ್ದೆ ಬಟ್ಟೆಯಿಂದ ಓವನ್ನಿನ ಮೇಲೆ ಚೆಲ್ಲಿದ್ದ ಹಿಟ್ಟನ್ನು ಒರೆಸಲು ಹೋದಳು. “ಅಗ ಬಾಯಿ!” ಎಂಬ ಕೂಗು ಕೇಳಿ ಓಡಿ ಬಂದರೆ ಅವಳು ಕಪಾಟಿಗೆ ಒರಗಿ ಕುಳಿತಿದ್ದಾಳೆ, ಬಲಗೈ ನಡುಗುತ್ತಿದೆ. ಬಾಯಿ ತನ್ನ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಬರುತ್ತಾಳೆ. ಬರಿಗಾಲು, ಒದ್ದೆ ನೆಲ, ಒದ್ದೆ ಬಟ್ಟೆ. ಓವನ್ ಚಪ್ಪಲಿಯ ವಿಷಯ ಅವಳಿಗೆ ನಾವು ಯಾರೂ ಹೇಳಿರಲೇ ಇಲ್ಲ.

ಡಾಕ್ಟರ ಬಳಿ ಕರೆದೊಯ್ದು ಇ.ಸಿ.ಜಿ. ತೆಗೆಸಿದೆವು. ಏನೂ ಆಗಿಲ್ಲ ಎಂದರು. ಕೈ ಸಂಜೆಯ ಹೊತ್ತಿಗೆ ಸರಿಹೋಯಿತು. ಅವಳು ಬೈಯಲಿಲ್ಲ. “ವೈನಿ, ಉಳಿದದ್ದೆಲ್ಲ ಒರೆಸುತ್ತೇನೆ, ಅದನ್ನು ಮಾತ್ರ ಮುಟ್ಟುವುದಿಲ್ಲ” ಎಂದಷ್ಟೇ ಹೇಳಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ನನಗೆ ಆ ರಾತ್ರಿಯೆಲ್ಲ ಅನ್ನಿಸಿತು.

ಮರುದಿನ ಮನೆಯಲ್ಲಿ ಚರ್ಚೆ. ಯಜಮಾನರು, “ಇಪ್ಪತ್ತು ವರ್ಷ ದುಡದದ, ಇನ್ನ ಸಾಕು. ಹೊಸಾದು ತರೂಣು” ಎಂದರು. ಪುಣೆಯಿಂದ ಮಗಳು ಫೋನಿನಲ್ಲಿ, “ಅಮ್ಮಾ, ದೀಪಾವಳಿ ಸೇಲ್ ನಡದದ. ನೀ ಹ್ಞೂಂ ಅಂದ್ರ ಈಗಲೇ ಆರ್ಡರ್ ಮಾಡ್ತೀನಿ” ಎಂದಳು. ಅಷ್ಟೇ ದೊಡ್ಡದು ಸುಮಾರು ಏಳು ಸಾವಿರಕ್ಕೆ ಸಿಗುತ್ತಿತ್ತು. ತಯಾರಿಸಿದ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿದೆ. ಆ ಮಾಡೆಲ್ ನಿಂತು ಬಹಳ ವರ್ಷವಾಯಿತು, ಭಾಗಗಳು ಇಲ್ಲ, ಹಳೆಯದನ್ನು ಕೊಟ್ಟರೆ ಹೊಸದರಲ್ಲಿ ಐನೂರು ರೂಪಾಯಿ ಬಿಡುತ್ತೇವೆ ಎಂದು ಆ ಹುಡುಗಿ ಪಾಠ ಒಪ್ಪಿಸಿದಳು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು, ಗ್ರಾಹಕರ ದಿನದಂದು, ‘ರೈಟ್ ಟು ರಿಪೇರ್’ ಎಂಬ ಜಾಲತಾಣ ತೆರೆದಿದೆ. ವಸ್ತುವನ್ನು ರಿಪೇರಿ ಮಾಡಿಸುವುದು ಹೇಗೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದನ್ನು ಕಂಪನಿಗಳು ಅದರಲ್ಲಿ ತಿಳಿಸಬೇಕೆಂಬುದು ಉದ್ದೇಶ. ಒಳ್ಳೆಯದೇ. ಆದರೆ 2004ರ ನನ್ನ ಪೆಟ್ಟಿಗೆಗೆ ಅದರಿಂದ ಉಪಯೋಗವಾಗಲಿಲ್ಲ.

ನಿಜ ಹೇಳಬೇಕೆಂದರೆ ನನಗೂ ಅದನ್ನು ಭಂಗಾರಿನವನಿಗೆ ಕೊಟ್ಟುಬಿಡುವ ಮನಸ್ಸೇ ಇತ್ತು. ನೋಡಿದರೆ ಸಿಟ್ಟು ಬರುತ್ತಿತ್ತು. ಕೊಡುವ ಮುಂಚೆ ಒಮ್ಮೆ ತೋರಿಸೋಣವೆಂದು, ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಮಿಕ್ಸರ್, ಗೀಸರ್, ಇಸ್ತ್ರಿ ರಿಪೇರಿ ಮಾಡುವ ಮಿಸ್ತ್ರಿಯನ್ನು ಕರೆಸಿದೆ. ಬಂದವನು ಓವನ್ನಿನ ಕಡೆ ನೋಡಲೇ ಇಲ್ಲ! ನೇರವಾಗಿ ಗೋಡೆಯ ಪ್ಲಗ್ಗಿನ ಬಳಿ ಹೋದ. ಹೋಲ್ಡರಿಗೆ ಎರಡು ತಂತಿ ಕಟ್ಟಿದ ಬಲ್ಬೊಂದನ್ನು ಚೀಲದಿಂದ ತೆಗೆದು, ಮೊದಲು ಫೇಸು ಮತ್ತು ನ್ಯೂಟ್ರಲ್ ತೂತಿಗೆ ಹಿಡಿದ. ಬಲ್ಬು ಹತ್ತಿತು. ಆಮೇಲೆ ಫೇಸು ಮತ್ತು ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥಿಂಗಿಗೆ, ಹಿಡಿದ. ಹತ್ತಲಿಲ್ಲ. ಮೇನ್ ಸ್ವಿಚ್ ಆರಿಸಿ ಬೋರ್ಡು ಬಿಚ್ಚಿದ. ದೊಡ್ಡ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಓವನ್ನಿಗೆಂದೇ ಆ ಪಾಯಿಂಟು ಹಾಕಿದ ವಯರ್‌ಮನ್ ಎರಡು ತಂತಿ ಎಳೆದು, ಮೂರನೆಯದನ್ನು ಎಳೆಯದೆ, ಮೂರು ತೂತಿನ ಸಾಕೆಟ್ ಕೂರಿಸಿ ಹೋಗಿದ್ದ. ನಾವು ಮೂರು ತೂತು ನೋಡಿ ಎಲ್ಲಾ ಸರಿಯಿದೆ ಎಂದುಕೊಂಡಿದ್ದೆವು.

“ಹೊಸದು ತಂದು ಇದಕ್ಕೇ ಸಿಕ್ಕಿಸುತ್ತಿದ್ದಿರಲ್ಲ ಭಾಭಿ” ಎಂದ ಮಿಸ್ತ್ರಿ. ಹೌದು, ಅದನ್ನೇ ಮಾಡುತ್ತಿದ್ದೆವು. ಹೊಸತು ಒಂದೆರಡು ವರ್ಷ ಸುಮ್ಮನಿರುತ್ತಿತ್ತು. ಆಮೇಲೆ ಒಂದು ದಿನ ಅದೂ ಜುಮ್ಮೆನ್ನಲು ಶುರುವಾಗುತ್ತಿತ್ತು, ನಾವು ಮತ್ತೆ ಚಪ್ಪಲಿ ಹುಡುಕುತ್ತಿದ್ದೆವು.

ಓವನ್ನಿನೊಳಗಿನ ಕಥೆ ಇದು. ಅದರಲ್ಲಿ ಮೇಲೆ ಎರಡು, ಕೆಳಗೆ ಎರಡು ರಾಡ್ ಇವೆ. ರಾಡ್ ಎಂದರೆ ಬರೀ ಸಲಾಕೆಯಲ್ಲ. ಹೊರಗೆ ಉಕ್ಕಿನ ಕೊಳವೆ, ಒಳಗೆ ನೈಕ್ರೋಮ್ ತಂತಿಯ ಸುರುಳಿ. ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ಈ ಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದರು. ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ಈ ತಂತಿ ಬಂದ ಮೇಲೆಯೇ ವಿದ್ಯುತ್ ಟೋಸ್ಟರು, ಓವನ್ನುಗಳು ಮನೆಬಳಕೆಗೆ ಒದಗಿದ್ದು. ತಂತಿಗೂ ಕೊಳವೆಗೂ ನಡುವೆ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಅದು ಕಾವನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಆದರೆ ಅದಕ್ಕೊಂದು ಚಟ, ತೇವ ಹೀರುವುದು. ರಾಡಿನ ತುದಿಯ ಸೀಲು ಸಡಿಲವಾದರೆ ಗಾಳಿಯ ತೇವ ಒಳಗೆ ಹೋಗುತ್ತದೆ. ಮುಂಬಯಿಯ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಹವೆ ನಿಮಗೆ ಗೊತ್ತೇ ಇದೆ, ಉಪ್ಪಿನ ಡಬ್ಬಿಯಲ್ಲಿ ಅಕ್ಕಿಕಾಳು ಹಾಕಿಟ್ಟರೂ ಉಪ್ಪು ನೀರಾಗುತ್ತದೆ. ನಾಲ್ಕು ತಿಂಗಳು ಹಚ್ಚದೆ ಇಟ್ಟ ಓವನ್ನಿನ ರಾಡಿನೊಳಗೂ ಹಾಗೆಯೇ. ತೇವಗೊಂಡ ಪುಡಿಯ ಮೂಲಕ ಕರೆಂಟು ಸ್ವಲ್ಪ ಸ್ವಲ್ಪವಾಗಿ ಓವನ್ನಿನ ಮೈಗೆ ಬರುತ್ತದೆ. ಅರ್ಥಿಂಗ್ ಇದ್ದರೆ ಅದು ತಂತಿಯಲ್ಲಿ ಇಳಿದು ನೆಲ ಸೇರುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೂಲಕ ನೆಲ ಸೇರುತ್ತದೆ. ನಾವು ಚಪ್ಪಲಿ ಮೆಟ್ಟಿ ಆ ದಾರಿ ಮುಚ್ಚಿಕೊಂಡಿದ್ದೆವು. ಬಾಯಿಯ ಕಾಲ ಕೆಳಗೆ ಅದು ತೆರೆದೇ ಇತ್ತು.

ಮಿಸ್ತ್ರಿ ಮೀಟರು ಹಿಡಿದು ನೋಡಿದಾಗ ಮೇಲಿನ ರಾಡುಗಳಲ್ಲಿ ಒಂದರ ತಂತಿ ಕಡಿದಿತ್ತು. ಬಿಸ್ಕತ್ತಿನ ಮೇಲ್ಭಾಗ ಹಸಿಯಾಗಿ ಉಳಿದದ್ದು ಅದರಿಂದ. ಆಮೇಲೆ ಒಂದೊಂದೇ ರಾಡನ್ನು ಬಿಡಿಸಿ ಟೆಸ್ಟರನ್ನು ಓವನ್ನಿನ ಮೈಗೆ ಇಡುತ್ತಾ ಹೋದ. ಕೆಳಗಿನ ಎಡಗಡೆಯ ರಾಡನ್ನು ಬಿಡಿಸಿದ ಕೂಡಲೇ ಟೆಸ್ಟರಿನ ದೀಪ ಆರಿತು. ಸೋರಿಕೆಯ ಮೂಲ ಅದೇ. ತೇವವಷ್ಟೇ ಆಗಿದ್ದರೆ ಕಾಯಿಸಿ ಒಣಗಿಸಬಹುದಿತ್ತಂತೆ, ಆದರೆ ಕೊಳವೆಯೇ ಬಿರುಕು ಬಿಟ್ಟಿತ್ತು. ಇನ್ನು ‘ಭಾಗ ಸಿಗುವುದಿಲ್ಲ’ ಎಂಬ ಮಾತು. ಉದ್ದ ಮತ್ತು ವ್ಯಾಟ್ ಹೊಂದಿದರೆ ಸಾಕು, ಕಂಪನಿಯ ಹೆಸರು ಬೇಕಿಲ್ಲ ಎಂದು ಹೇಳಿ, ಹಳೆಯ ರಾಡುಗಳನ್ನು ಅಳತೆಗೆ ತೆಗೆದುಕೊಂಡು ಲೋಹಾರ್ ಚಾಳಿಗೆ ಹೋಗಿ ಎರಡು ದಿನದಲ್ಲಿ ತಂದ.

ರಿಪೇರಿ ಖರ್ಚು ಹೊಸದರ ಅರ್ಧಕ್ಕಿಂತ ಹೆಚ್ಚಾದರೆ ಹೊಸದನ್ನೇ ಕೊಳ್ಳಬೇಕು ಎಂದು ಒಂದು ಲೆಕ್ಕ ಹೇಳುತ್ತಾರೆ. ಸರಿಯಾದ ಲೆಕ್ಕವೇ, ಆದರೆ ಅದು ದುಡ್ಡಿನ ಲೆಕ್ಕ ಮಾತ್ರ. ಕೆಟ್ಟದ್ದು ಯಾವ ಭಾಗ ಎಂದು ಮೊದಲು ತಿಳಿಯಬೇಕು. ರಾಡು, ವಯರು, ಗುಬುಟು ಕೆಟ್ಟರೆ ಬದಲಿಸಬಹುದು. ಒಳತಗಡು ತುಕ್ಕು ಹಿಡಿದು ತೂತಾಗಿದ್ದರೆ, ಬಾಗಿಲು ಸರಿಯಾಗಿ ಮುಚ್ಚದೆ ಕಾವು ಸೋರುತ್ತಿದ್ದರೆ, ಗಾಜು ಬಿರಿದಿದ್ದರೆ ಆ ಓವನ್ ಮುಗಿದಂತೆಯೇ. ಥರ್ಮೋಸ್ಟಾಟ್ ಸರಿಯಿದೆಯೇ ಎಂದು ನೋಡಲು ಸಕ್ಕರೆಯೇ ಸಾಕು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಒಂದು ಚಮಚ ಸಕ್ಕರೆಯನ್ನು ಚಿಕ್ಕ ತಟ್ಟೆಯಲ್ಲಿಟ್ಟು 175ಕ್ಕೆ ಕಾದ ಓವನ್ನಿನಲ್ಲಿ ಕಾಲು ಗಂಟೆ ಇಡಿ, ಕರಗಬಾರದು. 190ಕ್ಕೆ ಇಟ್ಟರೆ ಕರಗಬೇಕು. ನನ್ನದು ಹೊಸ ರಾಡು ಹಾಕಿದ ಮೇಲೆ ಎರಡರಲ್ಲೂ ಪಾಸಾಯಿತು.

ಮೈಕ್ರೋವೇವ್ ಇರುವವರಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಅದರಲ್ಲಿ ಶಾಖ ಕೊಡುವುದು ರಾಡಲ್ಲ, ಮ್ಯಾಗ್ನೆಟ್ರಾನ್. ಅದು ದುಬಾರಿ, ವಾರಂಟಿ ಮುಗಿದ ಮೇಲೆ ಅದೇ ಕೆಟ್ಟರೆ ಹೊಸದು ಕೊಳ್ಳುವುದೇ ಲೇಸು. ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ ಎರಡು ಸಾವಿರ ವೋಲ್ಟಿನಷ್ಟು ಉಳಿದಿರಬಹುದು, ಆದ್ದರಿಂದ ಮನೆಯಲ್ಲಿ ಯಾರೂ ಸ್ಕ್ರೂ ಬಿಚ್ಚಬೇಡಿ. ಬಿಸಾಡುವುದಾದರೂ ಕಸದ ಡಬ್ಬಿಗೆ ಬೇಡ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ವಸ್ತುಗಳು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು.

ಲೆಕ್ಕ ಹೀಗಾಯಿತು: ಎರಡು ರಾಡಿಗೆ ರೂ. 520, ಕಾವು ತಡೆಯುವ ವಯರಿಗೆ 150, ಮೂರು ಪಿನ್ನಿನ ಹೊಸ ಕೇಬಲಿಗೆ 250, ಕೂಲಿ 400. ಒಟ್ಟು 1,320. ಮೀಟರ್ ಬೋರ್ಡಿನಿಂದ ಅಡಿಗೆಮನೆಯವರೆಗೆ ಅರ್ಥಿಂಗ್ ತಂತಿ ಎಳೆಸಿ, 30 ಮಿಲಿಆಂಪಿಯರ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನೂ ಕೂರಿಸಲು ಬೇರೆ ಲೈಸೆನ್ಸ್ ಇರುವ ವಯರ್‌ಮನ್ 4,600 ತೆಗೆದುಕೊಂಡ. ಏಳು ಸಾವಿರದ ಓವನ್ನಿಗೆ ಹಿಂದೆಮುಂದೆ ನೋಡದ ನಮ್ಮವರು, ಕಣ್ಣಿಗೆ ಕಾಣದ ಒಂದು ಹಸಿರು ತಂತಿಗೆ ಇಷ್ಟು ದುಡ್ಡೇ ಎಂದು ಎರಡು ದಿನ ಗೊಣಗಿದರು. ಓವನ್ ಹೊಸದಾಗಲಿ ಹಳೆಯದಾಗಲಿ ಈ ಖರ್ಚು ತಪ್ಪುತ್ತಿರಲಿಲ್ಲ ಎಂದು ಅವರನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಯಿತು.

ಇದರ ನಡುವೆ ಇನ್ನೊಂದು. ಹಳೆಯ ಕಾಗದಗಳ ಫೈಲಿನಲ್ಲಿ ಓವನ್ನಿನ ಜೊತೆ ಬಂದ ಪುಸ್ತಿಕೆ ಸಿಕ್ಕಿತು. ಎರಡನೆಯ ಪುಟದಲ್ಲಿ, ದಪ್ಪ ಅಕ್ಷರದ ಇಂಗ್ಲಿಷಿನಲ್ಲಿ, ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ಇದನ್ನು ಜೋಡಿಸಬೇಡಿ ಎಂದಿದೆ. ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಮಾಡಿದವಳು ನಾನು. ಮನೆಗೆ ಬರುವ ಎಲ್ಲ ಇಂಗ್ಲಿಷ್ ಕಾಗದ ಓದುವುದು ನನ್ನ ಪಾಲಿನ ಕೆಲಸ. ಆ ಪುಸ್ತಿಕೆಯಲ್ಲಿ ನಾನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದು ಮಾತ್ರ ಕೊನೆಯ ಪುಟದ ಚಾಕಲೇಟ್ ಕೇಕಿನ ರೆಸಿಪಿಗೆ.

ರಾಜ್ಯೋತ್ಸವಕ್ಕೆ ಮೂರು ಕಿಲೋ ಖಾರಾ ಬಿಸ್ಕತ್ತು ಸರಿಯಾಗಿಯೇ ಆಯಿತು. ಒಂದು ಡಬ್ಬಿ ಬಾಯಿಯ ಮನೆಗೂ ಹೋಯಿತು. ಮಿಸ್ತ್ರಿ ಅವಳ ಎದುರಿಗೇ ಓವನ್ ಹಚ್ಚಿ, ಟೆಸ್ಟರ್ ಇಟ್ಟು, ದೀಪ ಹತ್ತುವುದಿಲ್ಲವೆಂದು ತೋರಿಸಿದ್ದ. ಆಮೇಲೆ ನಾನೂ ಬರಿಗಾಲಲ್ಲಿ ನಿಂತು ಮುಟ್ಟಿ ತೋರಿಸಿದ್ದೆ. ಚಪ್ಪಲಿಯನ್ನು ಅಂದೇ ಹೊರಗೆ ಹಾಕಿಯಾಗಿತ್ತು. ಸುಮಾರು ತಿಂಗಳಾದ ಮೇಲೆ ಅವಳು ತಾನಾಗಿಯೇ ಮತ್ತೆ ಓವನ್ ಒರೆಸಲು ಶುರುಮಾಡಿದಳು. ಆದರೆ ಇಂದಿಗೂ ಮೊದಲು ಸೆರಗಿಗೆ ಕೈ ಒರೆಸಿಕೊಂಡು, ಸ್ವಿಚ್ ಆರಿಸಿ, ಪ್ಲಗ್ಗನ್ನು ಪೂರ್ತಿ ಕಿತ್ತು, ಅದನ್ನು ನನಗೆ ಕಾಣುವ ಹಾಗೆ ಓವನ್ನಿನ ಮೇಲೆ ಇಟ್ಟ ನಂತರವೇ ಬಟ್ಟೆ ಕೈಗೆ ತೆಗೆದುಕೊಳ್ಳುತ್ತಾಳೆ. ನಾನು ಬೇಡ ಎನ್ನುವುದಿಲ್ಲ.