ಹೊಸ ಕಾರ್ಡ್ ಬಂತು, ಪರದೆ ಕಪ್ಪಾಯಿತು!

ಎಂಜಿನಿಯರಿಂಗ್ ಓದುತ್ತಿರುವ ಮಗ ತಿಂಗಳುಗಟ್ಟಲೆ ದುಂಬಾಲು ಬಿದ್ದು ಅಪ್ಪನಿಂದ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಡಿಸಿಕೊಂಡಿದ್ದಾನೆ ಎಂದುಕೊಳ್ಳಿ. ಹಳೆಯದು ಎನ್ವಿಡಿಯ ಕಂಪನಿಯದು. ಹೊಸದು ಎಎಂಡಿಯ ರೇಡಿಯಾನ್. ಮನೆಯ ಕಂಪ್ಯೂಟರಿನಲ್ಲಿರುವುದು ಲಿನಕ್ಸ್. ಡಬ್ಬ ಬಿಚ್ಚಿ, ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿ, ಸ್ವಿಚ್ ಒತ್ತಿದರೆ ಮೊದಲಿಗೆ ಲಾಂಛನವೇನೋ ಮೂಡಿತು. ಆಮೇಲೆ ಪರದೆಯೆಲ್ಲ ಕಪ್ಪು. ಅಂಗಡಿಗೆ ಫೋನ್ ಮಾಡಿದರೆ ಸಿದ್ಧ ಉತ್ತರ: ‘ತಂದುಬಿಡಿ, ಫಾರ್ಮ್ಯಾಟ್ ಮಾಡಿ ಕೊಡ್ತೀವಿ.’

ಅಪ್ಪನಿಗೆ ದುಡ್ಡು ದಂಡವಾಯಿತೆಂಬ ಸಂಕಟ. ಮಗನ ಸಂಕಟ ಬೇರೆ: ಪ್ರಾಜೆಕ್ಟ್ ಒಪ್ಪಿಸಲು ಉಳಿದಿರುವುದು ಹತ್ತು ದಿನ, ಮಾಡಿದ ಕೆಲಸವೆಲ್ಲ ಆ ಡಿಸ್ಕಿನಲ್ಲಿದೆ, ಬೇರೆಲ್ಲೂ ಅದರ ನಕಲಿಲ್ಲ.

ಇಲ್ಲಿ ಯಾರೂ ಗಾಬರಿಯಾಗಬೇಕಿಲ್ಲ. ಆರಂಭದ ಲಾಂಛನ ಮೂಡಿತೆಂದರೆ ಕಾರ್ಡ್, ಕೇಬಲ್, ಮಾನಿಟರ್ ಮೂರೂ ಬದುಕಿವೆ ಎಂದೇ ಬಹುಮಟ್ಟಿಗೆ ಅರ್ಥ. (ಲಾಂಛನವೂ ಮೂಡದಿದ್ದರೆ ಮೊದಲು ನೋಡಬೇಕಾದದ್ದು ಎರಡು: ಮಾನಿಟರಿನ ಕೇಬಲ್ ಹೊಸ ಕಾರ್ಡಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿಬಿಟ್ಟಿದೆಯೇ? ಪವರ್ ಸಪ್ಲೈನಿಂದ ಕಾರ್ಡಿಗೆ ಬರಬೇಕಾದ ಆರು ಅಥವಾ ಎಂಟು ಪಿನ್ನಿನ ತಂತಿ ಸೇರಿದೆಯೇ?) ಲಾಂಛನದ ನಂತರ ಪರದೆ ಕಪ್ಪಾದರೆ ತಕರಾರು ಸಾಮಾನ್ಯವಾಗಿ ಡ್ರೈವರಿನದು. ಕಡತಗಳಿಗೆ ಅದರಿಂದ ಏನೂ ಆಗುವುದಿಲ್ಲ. ಅವು ಹೋಮ್ ಎಂಬ ಕೋಶದಲ್ಲಿ ತಮ್ಮ ಪಾಡಿಗೆ ಇರುತ್ತವೆ. ಅವುಗಳಿಗೆ ಅಪಾಯ ಒದಗುವುದು ಫಾರ್ಮ್ಯಾಟ್ ಮಾಡಿಸಿದಾಗಲೇ.

ಡ್ರೈವರ್ ಎಂದರೆ ದುಭಾಷಿ ಇದ್ದಂತೆ. ಲಿನಕ್ಸಿನ ತಿರುಳಾದ ಕರ್ನೆಲ್ ಹೇಳಿದ್ದನ್ನು ಕಾರ್ಡಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದು ಅದರ ಕೆಲಸ. ಎನ್ವಿಡಿಯ ಬಹುಕಾಲ ತನ್ನ ಡ್ರೈವರಿನ ಒಳಗುಟ್ಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಕಾರ್ಡಿನ ವರ್ತನೆಯನ್ನು ಹೊರಗಿನಿಂದಲೇ ಗಮನಿಸಿ ಉತ್ಸಾಹಿಗಳು ಕಟ್ಟಿದ ‘ನೂವೋ’ ಎಂಬ ಮುಕ್ತ ಡ್ರೈವರ್ 2010ರಲ್ಲಿ ಕರ್ನೆಲ್ ಒಳಗೆ ಸೇರಿತು. ಲಿನಕ್ಸಿನ ಜನಕ ಲಿನುಸ್ ಟೋರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಕ್ಯಾಮೆರಾದ ಮುಂದೆಯೇ ಬೆರಳೆತ್ತಿ ಎನ್ವಿಡಿಯವನ್ನು ಬೈದದ್ದೂ ಉಂಟು. ಕಂಪನಿ ತನ್ನ ಕರ್ನೆಲ್ ಭಾಗದ ಡ್ರೈವರನ್ನು ಮುಕ್ತವಾಗಿ ಬಿಡುಗಡೆ ಮಾಡಿದ್ದು 2022ರಲ್ಲಿ, ಅದೂ ಹೊಸ ತಲೆಮಾರಿನ ಕಾರ್ಡುಗಳಿಗೆ ಮಾತ್ರ. ಎಎಂಡಿ ಇನ್ನೊಂದು ದಾರಿ ಹಿಡಿಯಿತು. 2006ರಲ್ಲಿ ಎಟಿಐ ಕಂಪನಿಯನ್ನು ಕೊಂಡು, ಮರುವರ್ಷವೇ ಕಾರ್ಡುಗಳ ತಾಂತ್ರಿಕ ವಿವರಗಳನ್ನು ಹೊರಗೆ ಬಿಡಲಾರಂಭಿಸಿತು. 2015ರಲ್ಲಿ ಅದರ ‘ಎಎಂಡಿಜಿಪಿಯು’ ಡ್ರೈವರ್ ಕರ್ನೆಲ್‌ನ ಭಾಗವಾಯಿತು. ಆದ್ದರಿಂದ ರೇಡಿಯಾನ್ ಕೊಂಡವರು ಸಾಮಾನ್ಯವಾಗಿ ಯಾವ ಡ್ರೈವರನ್ನೂ ಹುಡುಕಿಕೊಂಡು ಹೋಗಬೇಕಿಲ್ಲ.

ಹಾಗಿದ್ದರೆ ಪರದೆ ಕಪ್ಪಾಗುವುದೇಕೆ? ಹಳೆಯ ದುಭಾಷಿ ಮನೆ ಖಾಲಿ ಮಾಡದೆ ಬಾಗಿಲಲ್ಲೇ ಕೂತಿರುವುದರಿಂದ. ‘ಇಟಿಸಿ’ ಕೋಶದ ‘ಎಕ್ಸ್11’ ಒಳಗೆ ‘ಎಕ್ಸ್‌ಆರ್ಗ್.ಕಾನ್ಫ್’ ಎಂಬ ಹಳೆಯ ಕಡತ ಉಳಿದಿದ್ದು, ಅದರಲ್ಲಿ ಎನ್ವಿಡಿಯ ಡ್ರೈವರನ್ನೇ ಬಳಸಬೇಕೆಂದು ಬರೆದಿದ್ದರೆ, ಗಣಕ ಇಲ್ಲದ ಕಾರ್ಡನ್ನು ಹುಡುಕಿ ಸೋಲುತ್ತದೆ.

ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬಹಳಷ್ಟು ಸಲ ಅಕ್ಷರಗಳಷ್ಟೇ ಇರುವ ಪರದೆ ಬರುತ್ತದೆ. ಅಲ್ಲಿ ಹೆಸರು, ಗುಪ್ತಪದ ಕೊಟ್ಟು ಒಳಹೋಗಬಹುದು. (ಗುಪ್ತಪದ ಒತ್ತುವಾಗ ಚುಕ್ಕೆಯೂ ಮೂಡುವುದಿಲ್ಲ, ಕೀಲಿಮಣೆ ಕೆಟ್ಟಿದೆ ಎಂದುಕೊಳ್ಳಬೇಡಿ.) ಅದೂ ಬಾರದಿದ್ದರೆ ಗಣಕ ಆರಂಭವಾಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ ಗ್ರಬ್ ಪಟ್ಟಿ ತರಿಸಿ, ಉಬುಂಟುವಿನಲ್ಲಾದರೆ ‘ರಿಕವರಿ ಮೋಡ್’ ಆರಿಸಬೇಕು. ಒಳಗೆ ಹೋದ ಮೇಲೆ ಎನ್ವಿಡಿಯ ಹೆಸರಿನ ಪೊಟ್ಟಣಗಳನ್ನು ‘ಆಪ್ಟ್’ನ ‘ಪರ್ಜ್’ ಆಜ್ಞೆಯಿಂದ ತೆಗೆಯಬೇಕು. ‘ರಿಮೂವ್’ ಎಂದರೆ ಸಾಲದು. ಅದು ಸಂರಚನಾ ಕಡತಗಳನ್ನು ಹಾಗೇ ಬಿಡುತ್ತದೆ. ಏನೇನು ಹೋಗಲಿದೆ ಎಂಬ ಪಟ್ಟಿಯನ್ನು ಓದಿಯೇ ‘ವೈ’ ಒತ್ತುವುದು ಕ್ಷೇಮ. ಎಕ್ಸ್‌ಆರ್ಗ್ ಕಡತ ಇನ್ನೂ ಉಳಿದಿದ್ದರೆ ಅಳಿಸುವ ಬದಲು ಹೆಸರು ಬದಲಿಸಿ, ಗಣಕವನ್ನು ಮತ್ತೆ ಆರಂಭಿಸಿ. ಡ್ರೈವರನ್ನು ಕಂಪನಿಯ ತಾಣದಿಂದ ನೇರವಾಗಿ ಇಳಿಸಿಕೊಂಡವರಿಗೆ ಆಪ್ಟ್ ನೆರವಾಗದು. ತಾನು ಹಾಕದ್ದರ ಲೆಕ್ಕ ಅದಕ್ಕಿರುವುದಿಲ್ಲ. ಅವರಿಗೆ ‘ಎನ್ವಿಡಿಯ-ಅನ್‌ಇನ್‌ಸ್ಟಾಲ್’ ಎಂಬ ಬೇರೆಯೇ ಆಜ್ಞೆ ಇದೆ. ಇದನ್ನೆಲ್ಲ ಡಬ್ಬ ಬಿಚ್ಚುವ ಮೊದಲೇ, ಹಳೆಯ ಕಾರ್ಡ್ ಇರುವಾಗಲೇ ಮುಗಿಸಿದ್ದರೆ ಅರ್ಧ ಗಂಟೆಯ ಕೆಲಸ!

ಇಷ್ಟಾದರೂ ಪರದೆ ಬೆಳಗದಿದ್ದರೆ ಕರ್ನೆಲ್‌ನ ವಯಸ್ಸು ನೋಡಬೇಕು. ಉಬುಂಟು 22.04 ಬಂದದ್ದು 2022ರ ಏಪ್ರಿಲ್‌ನಲ್ಲಿ, 5.15ನೇ ಕರ್ನೆಲ್ ಜೊತೆ. ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಮಾರುಕಟ್ಟೆಗೆ ಬಂದದ್ದು ಅದೇ ಡಿಸೆಂಬರಿನಲ್ಲಿ. ಆ ಕರ್ನೆಲ್‌ಗೆ ಈ ಕಾರ್ಡಿನ ಪರಿಚಯವೇ ಇಲ್ಲ! ಹೊಸ ಕರ್ನೆಲ್ ಹಾಕಿದರೇ ದಾರಿ. ಡೆಬಿಯನ್‌ನಲ್ಲಿ ‘ಫರ್ಮ್‌ವೇರ್-ಎಎಂಡಿ-ಗ್ರಾಫಿಕ್ಸ್’ ಎಂಬ ಪೊಟ್ಟಣವೂ ಇರಬೇಕು.

ಪರದೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ‘ಎಲ್‌ಎಸ್‌ಪಿಸಿಐ’ ಆಜ್ಞೆಗೆ ‘ಹೈಫನ್ ಕೆ’ ಸೇರಿಸಿ ಕೊಟ್ಟರೆ ಯಾವ ಕಾರ್ಡಿಗೆ ಯಾವ ಡ್ರೈವರ್ ಎಂಬುದು ಕಾಣುತ್ತದೆ. ‘ಜಿಎಲ್‌ಎಕ್ಸ್‌ಇನ್ಫೋ’ ಕೊಡುವ ಉತ್ತರದಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಹೊಸ ಕಾರ್ಡ್ ಸುಮ್ಮನೆ ಕೂತಿದೆ, ಅದರ ಕೆಲಸವನ್ನೆಲ್ಲ ಪ್ರೊಸೆಸರ್ ಹೊತ್ತು ಏದುಸಿರು ಬಿಡುತ್ತಿದೆ ಎಂದರ್ಥ.

ರೇಡಿಯಾನ್‌ನಿಂದ ಎನ್ವಿಡಿಯಕ್ಕೆ ಹೋಗುವವರ ಕಷ್ಟ ಬೇರೆ ಬಗೆಯದು. ಮೊದಲು ನೂವೋ ಹೇಗೋ ಪರದೆ ತೋರಿಸುತ್ತದೆ. ಆಮೇಲೆ ಲಿನಕ್ಸ್ ವಿತರಣೆಯವರೇ ಒದಗಿಸುವ ಎನ್ವಿಡಿಯ ಡ್ರೈವರ್ ಹಾಕಿಕೊಳ್ಳಬೇಕು. ‘ಸೆಕ್ಯೂರ್ ಬೂಟ್’ ಚಾಲೂ ಇದ್ದರೆ ಉಬುಂಟು ಒಂದು ಗುಪ್ತಪದ ಇಡಲು ಕೇಳುತ್ತದೆ. ಮುಂದಿನ ಆರಂಭದಲ್ಲಿ ನೀಲಿ ಪರದೆ ಬಂದಾಗ ‘ಎನ್‌ರೋಲ್ ಎಂಓಕೆ’ ಆರಿಸಿ ಆ ಗುಪ್ತಪದವನ್ನೇ ಕೊಡಬೇಕು. ಹುಡುಗರು ಎಡವುವುದು ಇಲ್ಲಿಯೇ. ನೀಲಿ ಪರದೆಯನ್ನು ದೋಷವೆಂದು ತಿಳಿದು ಎಂಟರ್ ಒತ್ತಿ ದಾಟಿಬಿಡುತ್ತಾರೆ; ಡ್ರೈವರ್ ಡಿಸ್ಕಿನಲ್ಲಿದ್ದೂ ಕರ್ನೆಲ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಪೋಷಕರು ದುಡ್ಡು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ‘ನಿನ್ನ ಪಾಠಕ್ಕೆ ಕೂಡಾ ಬೇಕೇನಪ್ಪ?’ ಕೂಡಾ ಎಂಬುದು ಎನ್ವಿಡಿಯ 2007ರಲ್ಲಿ ತಂದ, ಗ್ರಾಫಿಕ್ಸ್ ಕಾರ್ಡಿನಿಂದ ಲೆಕ್ಕಾಚಾರ ಮಾಡಿಸುವ ವ್ಯವಸ್ಥೆ. ಯಂತ್ರಕಲಿಕೆಯ ಪ್ರಾಜೆಕ್ಟುಗಳಲ್ಲಿ ಅದರ ಬಳಕೆ ಹೆಚ್ಚು. ಅದಕ್ಕೆಂದೇ ಬರೆದ ಪ್ರೋಗ್ರಾಂ ರೇಡಿಯಾನ್ ಮೇಲೆ ಹಾಗೆಯೇ ಓಡುವುದಿಲ್ಲ. ಎಎಂಡಿಯ ‘ಆರ್‌ಓಸಿಎಂ’ ಇದೆಯಾದರೂ ಎಲ್ಲ ಕಾರ್ಡುಗಳಿಗೂ ಅದರ ಬೆಂಬಲವಿಲ್ಲ. ಅಂಥ ಮನೆಯಲ್ಲಿ ಹಳೆಯ ಕಾರ್ಡನ್ನು ಮಾರುವುದು ಪ್ರಾಜೆಕ್ಟ್ ಒಪ್ಪಿಸಿದ ಮೇಲಾಗಲಿ.