ಇಳಿಯದ ಇಯೋಸಿನೋಫಿಲ್, ನಿಲ್ಲದ ರಿಸೆಪ್ಟರ್

ಲೀಶ್ಮನ್ ಬಣ್ಣ ಹಾಕಿದ ಸ್ಲೈಡಿನಲ್ಲಿ ಇಯೋಸಿನೋಫಿಲ್ ಕಣವನ್ನು ಗುರುತಿಸಲು ಹೆಚ್ಚು ಅನುಭವ ಬೇಡ. ಎರಡು ಹಾಲೆಯ ಕೋಶಕೇಂದ್ರ, ಅದರ ಸುತ್ತ ಒತ್ತೊತ್ತಾಗಿ ತುಂಬಿದ ಕಿತ್ತಳೆಗೆಂಪು ಹರಳುಗಳು. ಪೆಥಾಲಜಿ ಲ್ಯಾಬಿನಲ್ಲಿ ಕೂರುವ ನನಗೆ ಇದು ದಿನನಿತ್ಯದ ನೋಟ. ಹೊಟ್ಟೆಹುಳು, ಧೂಳಿನ ಅಲರ್ಜಿ, ಅಸ್ತಮಾ, ಕೆಲವು ಜಿಲ್ಲೆಗಳಲ್ಲಿ ಆನೆಕಾಲು ರೋಗದ ಸೋಂಕು: ನಮ್ಮ ಕಡೆ ಈ ಕಣ ಹೆಚ್ಚಾಗಿದ್ದರೆ ಬಹುತೇಕ ಇವುಗಳಲ್ಲೇ ಕಾರಣ ಸಿಗುತ್ತದೆ. ಹುಳುವಿನಿಂದಾದದ್ದಾದರೆ ಆಲ್ಬೆಂಡಜೋಲ್, ಡಿಇಸಿ ಮಾತ್ರೆಗಳಿಗೆ ಕೌಂಟ್ ಇಳಿಯುತ್ತದೆ. ನಾನಿಲ್ಲಿ ಬರೆಯುತ್ತಿರುವುದು ಇಳಿಯದವರ ಸಲುವಾಗಿ.

ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇಯೋಸಿನೋಫಿಲ್ ಸುಮಾರು 500ರೊಳಗಿರಬೇಕು. 1,500 ದಾಟಿ ತಿಂಗಳುಗಟ್ಟಲೆ ಅಲ್ಲೇ ಕೂತರೆ ಚಿಂತೆ ಮಾಡಲೇಬೇಕು. ಆ ಕಿತ್ತಳೆಗೆಂಪು ಹರಳುಗಳೊಳಗೆ ಇರುವುದು ಹುಳುಗಳನ್ನು ಕೊಲ್ಲುವ ಪ್ರೋಟೀನುಗಳು. ಕೊಲ್ಲಲು ಹುಳುವೇ ಇಲ್ಲದಾಗ ಅವು ನಮ್ಮ ಅಂಗಗಳ ಮೇಲೆ ಸುರಿಯುತ್ತವೆ. ಹೆಚ್ಚು ಪೆಟ್ಟು ಬೀಳುವುದು ಹೃದಯಕ್ಕೆ. ಒಳಪದರ ಗಾಯವಾಗುತ್ತದೆ, ಗಾಯದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ವರ್ಷಗಳು ಕಳೆದಂತೆ ಅಲ್ಲಿ ನಾರು ಕಟ್ಟಿ ಹೃದಯ ಬಿಗಿಯುತ್ತದೆ. ಹೆಪ್ಪಿನ ತುಣುಕೊಂದು ಮಿದುಳಿಗೆ ಹೋದರೆ ಪಾರ್ಶ್ವವಾಯು. 1975ರಲ್ಲಿ ಅಮೆರಿಕದ ವೈದ್ಯರು ಇಂಥವರ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೂರು ವರ್ಷ ಬದುಕುಳಿದವರು ನೂರಕ್ಕೆ 12 ಮಂದಿ.

ಇವರಲ್ಲಿ ಒಂದು ಗುಂಪಿನ ರೋಗಕ್ಕೆ ಕಾರಣ ಪ್ಲೇಟ್‌ಲೆಟ್‌ಗೆ ಸಂಬಂಧಿಸಿದ ಒಂದು ರಿಸೆಪ್ಟರ್. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡೆಂಗಿ ಬಂದಾಗೆಲ್ಲ ಊರಿಗೆ ಊರೇ ಪ್ಲೇಟ್‌ಲೆಟ್ ಕೌಂಟ್ ಮಾತಾಡುತ್ತದೆ. ರಕ್ತ ನಿಲ್ಲಿಸುವುದು ಅದರ ಕೆಲಸ ಎಂದು ಎಲ್ಲರಿಗೂ ಗೊತ್ತು. ಆದರೆ ನಿಂತ ಮೇಲೆ ಗಾಯ ಮಾಯಬೇಕಲ್ಲ? 1974ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ರಸೆಲ್ ರಾಸ್ ಮತ್ತು ಸಂಗಡಿಗರು ರಕ್ತನಾಳದ ಸ್ನಾಯುಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಹೆಪ್ಪುಗಟ್ಟಿದ ರಕ್ತದ ಸೀರಮ್ ಹಾಕಿದರೆ ಕೋಶಗಳು ಸೊಂಪಾಗಿ ಬೆಳೆದವು. ಪ್ಲೇಟ್‌ಲೆಟ್ ತೆಗೆದ ಪ್ಲಾಸ್ಮಾದಿಂದ ಮಾಡಿದ ಸೀರಮ್ಮಿನಲ್ಲಿ ಸುಮ್ಮನೆ ಉಳಿದವು. ಅಂದರೆ ಹೆಪ್ಪುಗಟ್ಟುವ ಹೊತ್ತಿನಲ್ಲಿ ಪ್ಲೇಟ್‌ಲೆಟ್‌ಗಳೇ ಏನನ್ನೋ ಸುರಿಸುತ್ತಿದ್ದವು. ಸ್ವೀಡನ್ನಿನ ಉಪ್ಸಾಲಾದಲ್ಲಿ ಕಾರ್ಲ್-ಹೆನ್ರಿಕ್ ಹೆಲ್ಡಿನ್ ಮತ್ತು ಜೊತೆಗಾರರು 1979ರಲ್ಲಿ ಅದನ್ನು ಶುದ್ಧಮಾಡಿ ತೆಗೆದರು. ಅದೇ ಪಿಡಿಜಿಎಫ್, ಪ್ಲೇಟ್‌ಲೆಟ್‌ನಲ್ಲಿ ಸಿಕ್ಕ ಬೆಳವಣಿಗೆಯ ಅಂಶ.

ಈ ಅಂಶದ ಮಾತು ಕೇಳಿಸಿಕೊಳ್ಳಲು ಕೋಶದ ಮೇಲೆ ಎರಡು ಬಗೆಯ ರಿಸೆಪ್ಟರ್‌ಗಳಿವೆ. ಆಲ್ಫಾದ ಜೀನ್ 4ನೇ ಕ್ರೋಮೋಸೋಮಿನಲ್ಲಿ, ಬೀಟಾದ್ದು 5ನೆಯದರಲ್ಲಿ. ರಿಸೆಪ್ಟರಿನ ಒಂದು ತುದಿ ಕೋಶದ ಹೊರಗೆ ಚಾಚಿಕೊಂಡಿದೆ, ಇನ್ನೊಂದು ತುದಿಯಲ್ಲಿ, ಕೋಶದೊಳಗೆ, ಕೈನೇಸ್ ಎಂಬ ಕೆಲಸಗಾರ ಭಾಗವಿದೆ. ಪಿಡಿಜಿಎಫ್ ಎರಡು ಎಳೆಗಳ ಜೋಡಿಯಾದ್ದರಿಂದ ಒಟ್ಟಿಗೆ ಎರಡು ರಿಸೆಪ್ಟರ್‌ಗಳನ್ನು ಹಿಡಿದು ಹತ್ತಿರ ತರುತ್ತದೆ. ಆಗ ಒಳಗಿನ ಎರಡು ಕೈನೇಸ್‌ಗಳು ಪರಸ್ಪರರ ಮೇಲೆ ಫಾಸ್ಫೇಟ್ ಕೂರಿಸುತ್ತವೆ. ಅಲ್ಲಿಂದ ಸಂದೇಶ ಪ್ರೋಟೀನಿನಿಂದ ಪ್ರೋಟೀನಿಗೆ ದಾಟಿ ಕೋಶಕೇಂದ್ರ ಮುಟ್ಟುತ್ತದೆ: ವಿಭಜಿಸು, ಸಾಗು, ಸಾಯಬೇಡ. ಪಿಡಿಜಿಎಫ್ ಇಲ್ಲದ ಹೊತ್ತಿನಲ್ಲಿ ಕೈನೇಸನ್ನು ಅದುಮಿ ಇಡುವುದು ಪೊರೆಗೆ ಒತ್ತಿಕೊಂಡಂತಿರುವ ಒಂದು ಸಣ್ಣ ಪಟ್ಟಿ. ಈ ಪಟ್ಟಿಯನ್ನು ನೆನಪಿಡಿ.

ಬೀಟಾ ರಿಸೆಪ್ಟರ್ ಇಲ್ಲದ ಇಲಿಮರಿಗಳಲ್ಲಿ ಸೂಕ್ಷ್ಮ ರಕ್ತನಾಳಗಳಿಗೆ ಆಸರೆ ಸಿಗದೆ ರಕ್ತ ಸೋರಿ ಅವು ಹುಟ್ಟುವ ಹೊತ್ತಿಗೆ ಸಾಯುತ್ತವೆ. ಇನ್ನೊಂದು ಕಡೆ, ಸಕ್ಕರೆ ಕಾಯಿಲೆಯವರ ಕಾಲಿನ ಮಾಯದ ಹುಣ್ಣಿಗೆ ಪಿಡಿಜಿಎಫ್ ಇರುವ ಜೆಲ್ 1997ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಹಿತಮಿತವಾಗಿ ನಡೆದರೆ ಇದು ಜೀವ ಕಾಯುವ ವ್ಯವಸ್ಥೆ.

ಈಗ ನಮ್ಮ ರೋಗಿಗಳ ವಿಷಯ. ಇಮ್ಯಾಟಿನಿಬ್ ಎಂಬ ಮಾತ್ರೆ 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿಗೆ. ಅದು ಎಬಿಎಲ್, ಕಿಟ್ ಮತ್ತು ಪಿಡಿಜಿಎಫ್ ರಿಸೆಪ್ಟರ್, ಈ ಕೈನೇಸ್‌ಗಳನ್ನು ತಡೆಯುತ್ತದೆ ಎಂದು ಗೊತ್ತಿತ್ತು. ಬೇರೆ ದಾರಿಯಿಲ್ಲದ ಇಯೋಸಿನೋಫಿಲ್ ರೋಗಿಗಳಿಗೂ ಕೆಲವು ವೈದ್ಯರು ಅದನ್ನು ಕೊಟ್ಟು ನೋಡಿದರು. ಕೌಂಟ್ ದಿನಗಳಲ್ಲೇ ಇಳಿಯಿತು. ಯಾಕೆಂದು ಯಾರಿಗೂ ತಿಳಿಯದು! ಔಷಧ ತಡೆಯುವ ಕೈನೇಸ್‌ಗಳಲ್ಲೇ ತಪ್ಪಿತಸ್ಥ ಇರಬೇಕೆಂದು ಬಾಸ್ಟನ್ನಿನ ಗಿಲಿಲ್ಯಾಂಡ್ ಎಂಬ ವಿಜ್ಞಾನಿಯ ತಂಡ ಹುಡುಕತೊಡಗಿತು. ಒಬ್ಬ ರೋಗಿಯ 4ನೇ ಕ್ರೋಮೋಸೋಮಿನಲ್ಲಿ ಕಂಡ ಮುರಿತ ಜಾಡು ತೋರಿಸಿತು. 2003ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಮಾತ್ರೆ ತೆಗೆದುಕೊಂಡ 11 ಮಂದಿಯ ಪೈಕಿ 9 ಮಂದಿಗೆ ಗುಣ ಕಂಡಿತ್ತು. ಔಷಧವೇ ರೋಗದ ಮೂಲ ತೋರಿಸಿಕೊಟ್ಟ ಈ ಕೆಲಸದ ಮೇಲೆ ನನಗೆ ತುಂಬ ಗೌರವ.

ಆ ಮೂಲ ಹೀಗಿದೆ. 4ನೇ ಕ್ರೋಮೋಸೋಮಿನಲ್ಲಿ ಸುಮಾರು 8 ಲಕ್ಷ ಅಕ್ಷರಗಳಷ್ಟು ಡಿಎನ್‌ಎ ಕಳಚಿಹೋಗಿ, ದೂರವಿದ್ದ ಫಿಪ್1ಎಲ್1 ಎಂಬ ಜೀನು ಆಲ್ಫಾ ರಿಸೆಪ್ಟರಿನ ಜೀನಿಗೆ ಬಂದು ಅಂಟುತ್ತದೆ. ಅಂಟುವ ಜಾಗದಲ್ಲಿ ತುಂಡಾಗುವುದು ನಾನು ನೆನಪಿಡಿ ಎಂದ ಅದೇ ಪಟ್ಟಿ. ರಿಸೆಪ್ಟರಿನ ಹೊರತುದಿ ಪೂರ್ತಿ ಹೋಗಿ ಕೈನೇಸ್ ಮಾತ್ರ ಉಳಿಯುತ್ತದೆ. ಸ್ಟಾರ್ಟರಿನ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡರೆ ಬೋರ್‌ವೆಲ್ ಮೋಟರು ಸ್ವಿಚ್ಚಿನ ಹಂಗಿಲ್ಲದೆ ಓಡುತ್ತದಲ್ಲ, ಹಾಗೆ ಈ ಕೈನೇಸ್ ಹಗಲಿರುಳು ಓಡುತ್ತದೆ. ಇಯೋಸಿನೋಫಿಲ್ ಹುಟ್ಟುತ್ತಲೇ ಇರುತ್ತವೆ.

ಮಧ್ಯವಯಸ್ಸಿನ ಒಬ್ಬ ರೈತರ ಫೈಲು ನನ್ನ ಮೇಜಿಗೆ ಬಂದಾಗ ಅದರ ತುಂಬ ಅಲರ್ಜಿಯ ಚೀಟಿಗಳೇ. ಹುಳುವಿನ ಮಾತ್ರೆ ಹಲವು ಸಲ ಆಗಿತ್ತು. ಗುಲ್ಮ ದೊಡ್ಡದಾಗಿತ್ತು, ವಿಟಮಿನ್ ಮಾತ್ರೆ ನುಂಗದಿದ್ದರೂ ರಕ್ತದಲ್ಲಿ ಬಿ12 ವಿಪರೀತ ಮೇಲಿತ್ತು. ಗಂಡಸು, ಉಬ್ಬಿದ ಗುಲ್ಮ, ಏರಿದ ಬಿ12: ಈ ಮೂರೂ ಕೂಡಿದರೆ ಈ ಜೀನಿನ ಮೇಲೆ ಅನುಮಾನ ಬರಲೇಬೇಕು. ಅವರ ಕ್ರೋಮೋಸೋಮ್ ಪರೀಕ್ಷೆಯ ವರದಿ ನಾರ್ಮಲ್ ಎಂದಿತ್ತು. ಎಂಟು ಲಕ್ಷ ಅಕ್ಷರ ಹೋದರೂ ಆ ಪರೀಕ್ಷೆಯ ಕಣ್ಣಿಗೆ ಅದು ಕಾಣದಷ್ಟು ಚಿಕ್ಕದು. ಫಿಶ್ ಎಂಬ, ಹೊಳೆಯುವ ಬಣ್ಣ ಅಂಟಿಸಿ ನೋಡುವ ಪರೀಕ್ಷೆಗೆ ಸ್ಯಾಂಪಲನ್ನು ಬೆಂಗಳೂರಿಗೆ ಕಳಿಸಿದೆವು. ಎರಡು ಜೀನುಗಳು ಅಂಟಿದ ಆ ಕೊಂಡಿ ಸಿಕ್ಕಿತು.

"ಕ್ಯಾನ್ಸರ್ ಮಾತ್ರೆ ಅಂತಾರಲ್ಲ ಮೇಡಂ, ಹೊಲ ಮಾರಬೇಕಾಗ್ತದಾ?" ಎಂದು ಅವರ ಹೆಂಡತಿ ಕೇಳಿದರು. ಬೇಡ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದಕ್ಕೆ ಎರಡು ಕಾರಣ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೋವಾರ್ಟಿಸ್ ಕಂಪನಿಗೆ ಇಮ್ಯಾಟಿನಿಬ್ ಮಾತ್ರೆಯ ಪೇಟೆಂಟ್ ನಿರಾಕರಿಸಿತು. ಆಗ ಕಂಪನಿಯದೇ ಬ್ರ್ಯಾಂಡ್ ಆದ ಗ್ಲಿವೆಕ್‌ಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲಿದ್ದರೆ ನಮ್ಮ ದೇಶದ ಕಂಪನಿಗಳ ಮಾತ್ರೆ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ಎರಡನೆಯದು, ಸಿಎಂಎಲ್‌ಗೆ ದಿನಕ್ಕೆ 400 ಮಿಲಿಗ್ರಾಂ ಬೇಕಾದರೆ ಈ ರೋಗಕ್ಕೆ ಸಾಮಾನ್ಯವಾಗಿ 100 ಸಾಕು.

ಮಾತ್ರೆ ಶುರುಮಾಡುವ ಮೊದಲು ಹೃದಯದ ಎಕೋ ಮಾಡಿಸಬೇಕು, ಟ್ರೋಪೋನಿನ್ ನೋಡಬೇಕು. ಹೃದಯಕ್ಕೆ ತಗುಲಿದ್ದರೆ ಮೊದಲ ದಿನಗಳಲ್ಲಿ ಸ್ಟೀರಾಯ್ಡ್ ಜೊತೆಗಿರಬೇಕು. ಇಲ್ಲದಿದ್ದರೆ ಒಮ್ಮೆಲೇ ಸಾಯುವ ಇಯೋಸಿನೋಫಿಲ್‌ಗಳೇ ಹೃದಯವನ್ನು ಕುಸಿಯುವಂತೆ ಮಾಡಬಹುದು. ಮಾತ್ರೆಯನ್ನು ತಾವಾಗಿ ಬಿಟ್ಟವರಲ್ಲಿ ರೋಗ ಮರಳುವುದುಂಟು. ಹಾಗಾಗಿ ಕೌಂಟ್ ಸರಿಹೋದ ಮೇಲೂ ಆ ಕೊಂಡಿಯನ್ನು ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸುತ್ತ ಇರಬೇಕು.

ಈ ಕೊಂಡಿ ಎಲ್ಲರಲ್ಲೂ ಇರುವುದಿಲ್ಲ, ಇರುವವರು ಕಡಿಮೆಯೇ. ಆದರೆ ಹೃದಯದಲ್ಲಿ ಒಮ್ಮೆ ಕಟ್ಟಿದ ನಾರನ್ನು ಇಮ್ಯಾಟಿನಿಬ್ ಕರಗಿಸಲಾರದು. ಆದ್ದರಿಂದ ಕಿರಿಯ ವೈದ್ಯರಲ್ಲಿ ನನ್ನ ಕೋರಿಕೆ ಇಷ್ಟು: ಹುಳುವಿಗೆ ಚಿಕಿತ್ಸೆ ಆದ ಮೇಲೂ ಕೌಂಟ್ 1,500ರ ಕೆಳಗೆ ಬಾರದಿದ್ದರೆ ಚೀಟಿಯಲ್ಲಿ ಮತ್ತೆ ಅಲರ್ಜಿ ಎಂದು ಬರೆಯುವ ಮುನ್ನ ಗುಲ್ಮ ಮುಟ್ಟಿ ನೋಡಿ, ಬಿ12 ಕೇಳಿ, ಫಿಶ್‌ಗೆ ಕಳಿಸಿ.