ಗೋಡೆ ಒಡೆಯುವ ಮುನ್ನ ಒಂದಿಷ್ಟು ಲೆಕ್ಕಾಚಾರ

ಮುಂಬಯಿಯ ನಮ್ಮವರ ಮನೆಗಳಲ್ಲಿ ಮಗನ ಮದುವೆ ನಿಶ್ಚಯವಾಯಿತೆಂದರೆ ಸಭಾಗೃಹದ ಬುಕ್ಕಿಂಗ್ ಜೊತೆಗೇ ಏಳುವ ಇನ್ನೊಂದು ಮಾತು ಮನೆಯ ರಿನೋವೇಶನ್. ನಮ್ಮಲ್ಲೂ ಹಾಗೆಯೇ ಆಯಿತು. ಮುಲುಂಡಿನ 34 ವರ್ಷ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ 400 ಚದರಡಿಯ ಮನೆ. ಅಡುಗೆಮನೆಯ ಗೋಡೆ ತೆಗೆಯುವುದು, ಬಾತ್‌ರೂಮನ್ನು ಇನ್ನೊಂದು ಮೂಲೆಗೆ ಸರಿಸುವುದು, ಹಳೆಯ ಮೊಸಾಯಿಕ್ ನೆಲದ ಮೇಲೆಯೇ ಹೊಸ ಟೈಲ್ಸ್ ಹಾಕುವುದು ಎಂದು ಯೋಜನೆ. ಮೂರು ಲಕ್ಷ ಕೊಟ್ಟರೆ 20 ದಿನದಲ್ಲಿ ಮುಗಿಸುತ್ತೇನೆಂದ ಮಿಸ್ತ್ರಿ.

ಬ್ಯಾಂಕಿನಲ್ಲಿ ಸಾಲದ ಅರ್ಜಿದಾರ "ಎಲ್ಲಾ ಸರಿ ಇದೆ" ಎಂದರೆ ನಾವು ನಂಬುವುದಿಲ್ಲ, ಕಾಗದ ಕೇಳುತ್ತೇವೆ. ಸ್ವಂತ ಮನೆಗೆ ಬಂದಾಗ ಮಾತ್ರ ನಾನು ಬಾಯಿಮಾತು ನಂಬಿ ಮುಂಗಡದ ಚೆಕ್ ಬರೆಯಲು ಕುಳಿತಿದ್ದೆ. ತಡೆದವಳು ಮಡದಿ. "ನಾವು ಬಾತ್‌ರೂಮ್ ಮಾಡ್ಲಿಕ್ಕೆ ಹೊರಟ ಜಾಗದ ಕೆಳಗೆ ಅವರ ದೇವರ ಮಂಟಪ ಉಂಟು, ಗೊತ್ತುಂಟಾ ನಿಮಗೆ?"

ದೇವರ ಮಾತು ಹಾಗಿರಲಿ, ನೀರಿನ ಮಾತೂ ಇದೆ. ಬಾತ್‌ರೂಮಿನ ಸ್ಲ್ಯಾಬನ್ನು ತಗ್ಗಿಸಿ ಕಟ್ಟಿ, ವಾಟರ್‌ಪ್ರೂಫಿಂಗ್ ಮಾಡಿರುತ್ತಾರೆ. ಕೋಣೆಯ ಸ್ಲ್ಯಾಬ್ ಹಾಗಿರುವುದಿಲ್ಲ. ಅಲ್ಲಿ ನೀರು ಹರಿಸಿದರೆ ಒಂದೆರಡು ಮಳೆಗಾಲದಲ್ಲೇ ಕೆಳಗಿನವರ ಚಾವಣಿ ಸೋರಿ, ಸೊಸೈಟಿಯಲ್ಲಿ ತಕರಾರು ಶುರು.

ಕೊನೆಗೆ ಸ್ಟ್ರಕ್ಚರಲ್ ಇಂಜಿನಿಯರರನ್ನು ಕರೆಸಿದೆವು. ಅವರು ಮೊದಲು ಕೇಳಿದ್ದು ಕಟ್ಟಡದ ಸ್ಟ್ರಕ್ಚರಲ್ ಆಡಿಟ್ ವರದಿ. ಮಾದರಿ ಉಪವಿಧಿಗಳ ಪ್ರಕಾರ 30 ವರ್ಷ ದಾಟಿದ ಕಟ್ಟಡಕ್ಕೆ ಮೂರು ವರ್ಷಕ್ಕೊಮ್ಮೆ ಈ ತಪಾಸಣೆ ಆಗಬೇಕು. ಸೆಕ್ರೆಟರಿಯವರ ಕಪಾಟಿನಲ್ಲಿದ್ದ ಅದನ್ನು ನಾನು ಒಮ್ಮೆಯೂ ಓದಿರಲಿಲ್ಲ! ನಮ್ಮ ಹಾಲ್‌ನ ತೊಲೆಯಲ್ಲೇ ಕಬ್ಬಿಣ ತುಕ್ಕು ಹಿಡಿದಿದೆ ಎಂದು ಅದರಲ್ಲಿ ಬರೆದಿತ್ತು.

ಟೈಲ್ಸ್ ವಿಷಯ ಬಂದಾಗ ಅವರು ಕ್ಯಾಲ್ಕುಲೇಟರ್ ಕೈಗೆ ಕೊಟ್ಟರು. ಒಂದು ಇಂಚು ದಪ್ಪದ ಸಿಮೆಂಟ್ ಗಾರೆ ಚದರಡಿಗೆ ಸುಮಾರು 5 ಕಿಲೊ. ಎರಡು ಇಂಚು ಹಾಕಿದರೆ 10 ಕಿಲೊ, 400 ಚದರಡಿಗೆ ನಾಲ್ಕು ಟನ್. ಟೈಲ್ಸ್‌ನ ತೂಕ ಬೇರೆ. ವಾಸದ ಕೋಣೆಗೆ ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 200 ಕಿಲೊ, ಅಂದರೆ ಚದರಡಿಗೆ 18-19 ಕಿಲೊ ಹಿಡಿದು ಸ್ಲ್ಯಾಬ್ ವಿನ್ಯಾಸ ಮಾಡುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾರೆಯೇ ನುಂಗಿದರೆ ಮದುವೆಗೆ ಬಂದ ನೆಂಟರನ್ನು ಎಲ್ಲಿ ಕೂರಿಸುವುದು?

ಇದನ್ನು ತಮಾಷೆಯಾಗಿ ಬರೆದೆನಾದರೂ ಘಾಟ್ಕೋಪರ್ ನೆನಪಾಗದೆ ಇರದು. 2017ರ ಜುಲೈ 25ರಂದು ಅಲ್ಲಿನ ಸಿದ್ಧಿ ಸಾಯಿ ಕಟ್ಟಡ ಕುಸಿದು 17 ಮಂದಿ ಸತ್ತರು. ನೆಲಮಹಡಿಯಲ್ಲಿ ನವೀಕರಣದ ಕೆಲಸ ನಡೆದಿತ್ತು, ಕಂಬಗಳಿಗೆ ಧಕ್ಕೆಯಾಗಿತ್ತೆಂಬ ಆರೋಪ ಬಂತು. ಸತ್ತವರು ತಮ್ಮ ತಮ್ಮ ಮನೆಯಲ್ಲಿದ್ದವರು.

ಅನುಮತಿಯ ಬಗ್ಗೆ ಎರಡು ಮಾತು. 1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 342ನೇ ಕಲಮು ಬಣ್ಣ, ಗಿಲಾವು, ನೆಲದ ಟೈಲ್ಸ್‌ನಂಥ ಸಾಧಾರಣ ದುರಸ್ತಿಗೆ ವಿನಾಯಿತಿ ಕೊಡುತ್ತದೆ. ಕಂಬ, ತೊಲೆ, ಗೋಡೆಗೆ ಕೈಹಾಕುವುದಾದರೆ ಪಾಲಿಕೆಗೆ ಹೋಗಲೇಬೇಕು. ಸೊಸೈಟಿಯ ಲಿಖಿತ ಒಪ್ಪಿಗೆ ಎರಡಕ್ಕೂ ಪಡೆದಿರುವುದು ಒಳ್ಳೆಯದು.

ಇನ್ನು ಹಣ. ಮೂರು ಲಕ್ಷಕ್ಕೆ ಶೇ. 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 6,375 ರೂ. ನನ್ನ ನಿವೃತ್ತಿಗೆ ಉಳಿದಿರುವುದು ನಾಲ್ಕೇ ವರ್ಷ. ಮೇಲಾಗಿ ನಮ್ಮ ಸೊಸೈಟಿಯಲ್ಲಿ ರಿಡೆವಲಪ್‌ಮೆಂಟ್ ಮಾತು ನಡೆದಿದೆ. ಅದು ಕೈಗೂಡಿದರೆ ಹೊಸ ಟೈಲ್ಸ್ ಡೆಬ್ರಿಸ್ ಲಾರಿಗೇ ಹೋಗಬೇಕು.

ಈಗ ಗೋಡೆ, ಬಾತ್‌ರೂಮ್ ಇದ್ದಲ್ಲೇ ಇರುತ್ತವೆ. ತೊಲೆಯ ದುರಸ್ತಿ ಸೊಸೈಟಿಯ ಮುಂದಿನ ಸಭೆಗೆ ಬರಲಿದೆ. ನಮ್ಮ ಖರ್ಚಿನಲ್ಲಿ ಹೊಸ ವೈರಿಂಗ್, ಬಣ್ಣ, ಒಂದು ಮಡಚುವ ಮಂಚ, ಅಷ್ಟೇ. ಮಗನಿಗೆ ಸ್ವಲ್ಪ ಬೇಸರ. ಭಾವೀ ಸೊಸೆಗೆ ವರದಿ ತೋರಿಸಿದೆ, ಪೂರ್ತಿ ಓದಿ, "ತೊಲೆ ಯಾವಾಗ ಸರಿ ಮಾಡ್ತಾರೆ ಮಾವ?" ಎಂದು ಕೇಳಿದಳು.